ಸೋಯಾಬೀನ್‌ಗೆ ಪೋಷಕಾಂಶ ಕೊಡುವ ಸರಿಯಾದ ಕ್ರಮ: ನೈಟ್ರೇಟ್ ಸೋರದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಸೋಯಾಬೀನ್ ಬೆಳೆಯುವವರು ಮತ್ತೆ ಮತ್ತೆ ಎಡವುವುದು ಒಂದೇ ಜಾಗದಲ್ಲಿ. ಗಿಡ ಸ್ವಲ್ಪ ಹಳದಿ ತಿರುಗಿದರೆ ಸಾಕು, ಯೂರಿಯಾ ಚೀಲ ಬಿಚ್ಚುತ್ತಾರೆ. ಎಲೆ ಒಂದಷ್ಟು ದಿನ ಹಸಿರಾಗುತ್ತದೆ, ಇಳುವರಿ ಮಾತ್ರ ಏರುವುದಿಲ್ಲ. ಗಿಡ ಹೀರದೆ ಬಿಟ್ಟ ಸಾರಜನಕ ನೈಟ್ರೇಟ್ ಆಗಿ, ನೀರಿನ ಜೊತೆ ಬೇರಿಗಿಂತ ಕೆಳಗೆ ಇಳಿದು ಹೋಗುತ್ತದೆ.

ನೈಟ್ರೇಟ್ ಇಷ್ಟು ಸುಲಭವಾಗಿ ಜಾರುವುದಕ್ಕೆ ಕಾರಣವಿದೆ. ಜೇಡಿಮಣ್ಣಿನ ಕಣಗಳ ಮೇಲೆ ಇರುವುದು ಋಣ ವಿದ್ಯುತ್. ಅಮೋನಿಯಂ ಧನ, ಹಾಗಾಗಿ ಮಣ್ಣು ಅದನ್ನು ಹಿಡಿದುಕೊಳ್ಳುತ್ತದೆ. ನೈಟ್ರೇಟ್ ಕೂಡ ಋಣ, ಹಾಗಾಗಿ ಮಣ್ಣಿಗೆ ಅಂಟುವುದೇ ಇಲ್ಲ. ಯೂರಿಯಾ ಇರಲಿ, ಕೊಟ್ಟಿಗೆ ಗೊಬ್ಬರ ಇರಲಿ, ಮಣ್ಣು ಬೆಚ್ಚಗೆ ಹದವಾಗಿದ್ದರೆ ಸೂಕ್ಷ್ಮಜೀವಿಗಳು ಅದರ ಸಾರಜನಕವನ್ನು ನೈಟ್ರೇಟ್ ಮಾಡಿಬಿಡುತ್ತವೆ.

ಸೋಯಾಬೀನ್ ಹೊಲದಲ್ಲಿ ಸೋರಿಕೆ ಜಾಸ್ತಿ ಆಗುವುದು ಎರಡು ಹೊತ್ತಿನಲ್ಲಿ. ಬಿತ್ತಿದ ಮೊದಲ ತಿಂಗಳು, ಆಗ ಬೇರು ಚಿಕ್ಕದು. ಎಲೆ ಉದುರಿದ ಮೇಲೆ ಇನ್ನೊಮ್ಮೆ, ಆಗ ಬೇರು ಸತ್ತಿರುತ್ತದೆ. ನಡುವಿನ ದಿನಗಳಲ್ಲಿ ಬೆಳೆ ತಾನೇ ನೈಟ್ರೇಟ್ ಹೀರುತ್ತದೆ. ಗೊಬ್ಬರವನ್ನೇ ಹಾಕದ ಹೊಲದಿಂದಲೂ ನೈಟ್ರೇಟ್ ಹೋಗುತ್ತದೆ, ಏಕೆಂದರೆ ಮಣ್ಣಿನ ಸಾವಯವ ಪದಾರ್ಥ ಕರಗುತ್ತಲೇ ಇರುತ್ತದೆ. ಗೊಬ್ಬರ ಕಡಿಮೆ ಮಾಡಿದರಷ್ಟೇ ಸಾಲದು, ಮಾಡುವ ಕೆಲಸಗಳ ಕ್ರಮ ಸರಿ ಇರಬೇಕು.

ಕೆಳಗಿನ ಅಳತೆಗಳೆಲ್ಲ ಹೆಕ್ಟೇರಿಗೆ. ಎಕರೆಗೆ ಬೇಕಿದ್ದರೆ 2.5ರಿಂದ ಭಾಗಿಸಿ.

## ಮೊದಲು ಕೈಯಲ್ಲಿರಬೇಕಾದವು

ಸನಿಕೆ, ಶುಚಿಯಾದ ಪ್ಲಾಸ್ಟಿಕ್ ಬಕೆಟ್ ಎರಡು, ಬಟ್ಟೆ ಚೀಲ, ಚೂಪು ಚಾಕು, ತೂಕದ ಯಂತ್ರ, ನೈಟ್ರೇಟ್ ಪರೀಕ್ಷೆಯ ಪಟ್ಟಿ, ಸೋಯಾಬೀನ್‌ಗೆಂದೇ ತಯಾರಿಸಿದ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿಸಿ ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾದ ಪುಡಿ), ಒಂದು ನೋಟ್‌ಬುಕ್. ಕಬ್ಬಿಣದ ಅಥವಾ ಸತುವಿನ ಲೇಪದ ಬಕೆಟ್ ಬೇಡ. ಕಬ್ಬಿಣ, ಸತುವಿನಂಥ ಲಘು ಪೋಷಕಾಂಶಗಳ ಫಲಿತಾಂಶ ಕೆಡುತ್ತದೆ.

## ಹಂತ 1: ಮಣ್ಣಿನ ಮಾದರಿ, ಬಿತ್ತನೆಗೆ ಎರಡು ಮೂರು ತಿಂಗಳು ಮೊದಲು

ಬಿತ್ತನೆಯ ಹಿಂದಿನ ವಾರ ಮಣ್ಣು ಪರೀಕ್ಷೆಗೆ ಕಳಿಸಿದರೆ ಪ್ರಯೋಜನ ಇಲ್ಲ. ಸುಣ್ಣ ಹಾಕಬೇಕು ಎಂದು ವರದಿ ಬಂದರೆ ಅದು ಕೆಲಸ ಮಾಡಲು ತಿಂಗಳುಗಳು ಬೇಕು.

ಹೊಲದಲ್ಲಿ ಅಂಕುಡೊಂಕಾಗಿ ನಡೆದು 15ರಿಂದ 20 ಕಡೆ ಮಣ್ಣು ತೆಗೆಯಿರಿ. ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಆಕಾರದ ಗುಂಡಿ ತೋಡಿ. ಅದರ ಒಂದು ಬದಿಯಿಂದ 15 ಸೆಂಟಿಮೀಟರ್ ಆಳದವರೆಗೆ ತೆಳು ಹೋಳು ತೆಗೆಯಬೇಕು. ಬದು, ಮರದ ಬುಡ, ಗೊಬ್ಬರದ ಗುಂಡಿ, ಕಾಲುವೆ ಅಂಚು ಬಿಟ್ಟುಬಿಡಿ. ಎಲ್ಲ ಸೇರಿಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲುತ್ತಾ ಅರ್ಧ ಕೆಜಿಗೆ ತನ್ನಿ. ನೆರಳಲ್ಲಿ ಒಣಗಿಸಿ. ಹೊಲದಲ್ಲಿ ಎರಡು ಬಣ್ಣದ ಮಣ್ಣಿದ್ದರೆ ಮಾದರಿಯೂ ಎರಡು.

ನೈಟ್ರೇಟ್ ಮಾದರಿಯ ರೀತಿ ಬೇರೆ. ಅದನ್ನು ಬಿತ್ತನೆಗೆ ಸ್ವಲ್ಪ ಮೊದಲು, 30 ಸೆಂಟಿಮೀಟರ್ ಆಳದವರೆಗೆ ತೆಗೆಯಬೇಕು. ಒದ್ದೆ ಮಣ್ಣನ್ನು ಕವರ್‌ನಲ್ಲಿ ಕಟ್ಟಿ ಬಿಸಿಲಲ್ಲಿ ಇಟ್ಟರೆ ಒಳಗಿನ ಸೂಕ್ಷ್ಮಜೀವಿಗಳು ಕೆಲಸ ಮುಂದುವರಿಸಿ ಸಂಖ್ಯೆಯನ್ನೇ ಬದಲಿಸುತ್ತವೆ. ತಂಪಿನಲ್ಲಿಟ್ಟು ಅದೇ ದಿನ ಕಳಿಸಿ, ಇಲ್ಲವೇ ತೆಳುವಾಗಿ ಹರಡಿ ಬೇಗ ಒಣಗಿಸಿ.

ವರದಿಯಲ್ಲಿ ನೈಟ್ರೇಟ್ ಸಾರಜನಕ (ನೈಟ್ರೇಟಿನ ಒಳಗಿನ ಸಾರಜನಕವಷ್ಟೇ) ಪಿಪಿಎಂ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂದು ಇದ್ದರೆ, 4ರಿಂದ ಗುಣಿಸಿ. 30 ಸೆಂಟಿಮೀಟರ್ ಪದರದಲ್ಲಿ ಹೆಕ್ಟೇರಿಗೆ ಸುಮಾರು ಎಷ್ಟು ಕೆಜಿ ಇದೆ ಎಂದು ಸಿಗುತ್ತದೆ. 10 ಪಿಪಿಎಂ ಇದ್ದರೆ ಹತ್ತಿರ ಹತ್ತಿರ 40 ಕೆಜಿ. ಇಷ್ಟಿದ್ದ ಹೊಲಕ್ಕೆ ಬಿತ್ತುವಾಗ ಸಾರಜನಕ ಕೊಡುವ ಅಗತ್ಯವೇ ಇಲ್ಲ.

## ಹಂತ 2: ಬೆಳೆ ಎಷ್ಟು ಒಯ್ಯುತ್ತದೆ ಎಂದು ಲೆಕ್ಕ ಹಾಕಿ

ಒಂದು ಟನ್ ಸೋಯಾಬೀನ್ ಕಾಳಿನ ಜೊತೆ ಹೊಲದಿಂದ ಸುಮಾರು 60 ಕೆಜಿ ಸಾರಜನಕ, 12 ಕೆಜಿ ರಂಜಕ, 20 ಕೆಜಿ ಪೊಟ್ಯಾಷ್ ಹೊರಗೆ ಹೋಗುತ್ತದೆ. ಇಲ್ಲಿ ರಂಜಕ, ಪೊಟ್ಯಾಷ್ ಎಂದರೆ ಗೊಬ್ಬರದ ಚೀಲದ ಮೇಲೆ ಬರೆಯುವ ರೂಪದಲ್ಲೇ (P2O5, K2O). ಗಂಧಕ ಮೂರು ಕೆಜಿ ಆಸುಪಾಸು.

2.5 ಟನ್ ಇಳುವರಿಗೆ ಇದನ್ನು ಗುಣಿಸಿ ನೋಡಿ. ಸಾರಜನಕ 150 ಕೆಜಿ, ರಂಜಕ 30, ಪೊಟ್ಯಾಷ್ 50. ಸಾರಜನಕದ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಬೇರುಗಂಟುಗಳು ಸರಿಯಾಗಿದ್ದರೆ ಬೆಳೆಗೆ ಬೇಕಾದ ಸಾರಜನಕದಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿ ಗಾಳಿಯಿಂದಲೇ ಬರುತ್ತದೆ. ಉಳಿದದ್ದನ್ನು ಗಿಡ ಮಣ್ಣಿನಿಂದ ಹುಡುಕಿಕೊಳ್ಳುತ್ತದೆ.

ಸೋಯಾಬೀನ್ ಹಾಕಿದರೆ ಭೂಮಿಗೆ ಸಾರಜನಕ ತುಂಬುತ್ತದೆ ಎನ್ನುವ ಮಾತು ಪೂರ್ತಿ ಸರಿಯಲ್ಲ. ಗಾಳಿಯಿಂದ ತಂದದ್ದರಲ್ಲಿ ಬಹುಪಾಲು ಕಾಳಿನ ಜೊತೆಗೇ ಹೊರಟುಹೋಗುತ್ತದೆ. ಎಷ್ಟೋ ಹೊಲಗಳಲ್ಲಿ ಬೆಳೆ ಮುಗಿದಾಗ ಮಣ್ಣಿನ ಲೆಕ್ಕ ಸರಿಸಮ, ಇಲ್ಲವೇ ಸ್ವಲ್ಪ ಕೊರತೆ. ಪೊಟ್ಯಾಷ್ ಕೊರತೆಯಂತೂ ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಬೆಳೆಯುತ್ತದೆ. ಯಾಕೆಂದರೆ ಎಲ್ಲರ ಕಣ್ಣೂ ಯೂರಿಯಾ, ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಮೇಲೆ.

## ಹಂತ 3: ಹುಳಿ ಮಣ್ಣಾದರೆ ಮೊದಲು ಸುಣ್ಣ

ಸೋಯಾಬೀನ್‌ಗೆ ಮಣ್ಣಿನ ರಸಸಾರ (ಪಿಎಚ್, ಮಣ್ಣಿನ ಹುಳಿ ಅಳೆಯುವ ಸಂಖ್ಯೆ) 6ರಿಂದ 7ರ ನಡುವೆ ಇದ್ದರೆ ಚೆನ್ನ. 5.5ಕ್ಕಿಂತ ಕೆಳಗಿಳಿದರೆ ರೈಜೋಬಿಯಂ ಬದುಕುವುದೇ ಕಷ್ಟ. ಗಾಳಿಯ ಸಾರಜನಕ ಹಿಡಿಯಲು ಬೇಕಾದ ಮಾಲಿಬ್ಡಿನಂ ಕೂಡ ಹುಳಿ ಮಣ್ಣಿನಲ್ಲಿ ಗಿಡಕ್ಕೆ ಸಿಗುವುದಿಲ್ಲ. ಅಂಥ ಹೊಲಕ್ಕೆ ಎಷ್ಟು ಒಳ್ಳೆಯ ಜೀವಾಣು ಗೊಬ್ಬರ ಹಾಕಿದರೂ ದುಡ್ಡು ದಂಡ.

ಸುಣ್ಣದ ಪುಡಿ ನಯವಾಗಿರಬೇಕು, ಮಣ್ಣಿಗೆ ಬೆರೆಸಬೇಕು, ಬಿತ್ತನೆಗೆ ಎರಡು ಮೂರು ತಿಂಗಳು ಮೊದಲು ಹಾಕಬೇಕು. ಪ್ರಮಾಣಕ್ಕೆ ವರದಿಯ ಸಂಖ್ಯೆಯೇ ಆಧಾರ. ಅಂದಾಜಿನಲ್ಲಿ ಜಾಸ್ತಿ ಸುರಿದರೆ ಕಬ್ಬಿಣ, ಸತು, ಮ್ಯಾಂಗನೀಸ್ ಗಿಡಕ್ಕೆ ಸಿಗದಂತಾಗುತ್ತವೆ.

## ಹಂತ 4: ಬೀಜೋಪಚಾರ, ಇಲ್ಲಿ ಅವಸರ ಬೇಡ

ಇಡೀ ಮಾರ್ಗದರ್ಶಿಯಲ್ಲಿ ಕಡಿಮೆ ಖರ್ಚಿನ ಹಂತ ಇದು. ಜನ ಜಾಸ್ತಿ ಕೆಡಿಸುವುದೂ ಇದನ್ನೇ.

ಸೋಯಾಬೀನ್‌ಗೆ ಬೇಕಾದದ್ದು ಬ್ರಾಡಿರೈಜೋಬಿಯಂ ಜಪಾನಿಕಂ ಎಂಬ ಬ್ಯಾಕ್ಟೀರಿಯಾ. ಕಡಲೆಗೆ ತಯಾರಿಸಿದ ರೈಜೋಬಿಯಂ ತಂದು ಹಚ್ಚಿದರೆ ಗಂಟು ಕಟ್ಟುವುದಿಲ್ಲ. ಪ್ಯಾಕೆಟ್ ಮೇಲೆ ಬೆಳೆಯ ಹೆಸರು, ಅವಧಿ ಮುಗಿಯುವ ದಿನ ಎರಡನ್ನೂ ಓದಿ. ಇದು ಜೀವಂತ ವಸ್ತು. ಬಿಸಿಲಲ್ಲಿ ನಿಂತ ವಾಹನದೊಳಗೆ ಅರ್ಧ ದಿನ ಬಿಟ್ಟರೆ ಉಳಿಯುವುದು ಬರೀ ಪುಡಿ.

ಔಷಧಿ ಹಚ್ಚುವ ಕ್ರಮ ಹೀಗಿರಲಿ:

1. ಮೊದಲು ಶಿಲೀಂಧ್ರನಾಶಕ. ಹಚ್ಚಿ, ಒಣಗಲು ಬಿಡಿ.
2. ಕೀಟನಾಶಕ ಬೇಕಿದ್ದರೆ ಅದು ಎರಡನೆಯದು.
3. ಕೊನೆಯಲ್ಲಿ ರೈಜೋಬಿಯಂ. ಅಂಟಿಗೆ ಬೆಲ್ಲದ ಅಥವಾ ಸಕ್ಕರೆಯ ತೆಳು ಪಾಕ ಕಾಯಿಸಿ, ಪೂರ್ತಿ ಆರಿದ ಮೇಲೆ ಬಳಸಿ. ಬಿಸಿ ಪಾಕಕ್ಕೆ ಪುಡಿ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ.
4. ನೆರಳಲ್ಲಿ ಒಣಗಿಸಿ, ಅದೇ ದಿನ ಬಿತ್ತಿ.

ಬೀಜವನ್ನು ಜೋರಾಗಿ ಉಜ್ಜಬೇಡಿ. ಸೋಯಾಬೀನ್ ಸಿಪ್ಪೆ ತುಂಬಾ ತೆಳು, ಬಿರುಕು ಬಿಟ್ಟರೆ ಮೊಳಕೆ ಹಾಳು. ರೈಜೋಬಿಯಂ ಹಚ್ಚಿದ ಬೀಜವನ್ನು ರಾಸಾಯನಿಕ ಗೊಬ್ಬರದ ಜೊತೆ ಬೆರೆಸಿ ಕೂರಿಗೆಗೆ ಹಾಕುವುದಂತೂ ಬೇಡವೇ ಬೇಡ.

ಪ್ರತಿ ವರ್ಷ ಹಚ್ಚಲೇಬೇಕಾ? ಹೋದ ವರ್ಷ ಇದೇ ಹೊಲದಲ್ಲಿ ಸೋಯಾಬೀನ್ ಇದ್ದು, ಗಂಟುಗಳು ಚೆನ್ನಾಗಿದ್ದರೆ ಬಿಟ್ಟರೂ ನಡೆಯುತ್ತದೆ. ಹೊಸ ಹೊಲ, ಮರಳು ಮಣ್ಣು, ಹುಳಿ ಮಣ್ಣು, ನೀರು ಬಹಳ ದಿನ ನಿಂತ ಜಾಗ, ನಾಲ್ಕೈದು ವರ್ಷ ಸೋಯಾಬೀನ್ ಕಾಣದ ಭೂಮಿ ಆದರೆ ಹಚ್ಚಲೇಬೇಕು. ಸೋಯಾಬೀನ್ ಮೊದಲ ಸಲ ಬರುವ ಹೊಲಕ್ಕೆ ದುಪ್ಪಟ್ಟು ಪ್ರಮಾಣ ಹಾಕಿದರೂ ನಷ್ಟವಿಲ್ಲ.

## ಹಂತ 5: ತಳಗೊಬ್ಬರ

ರಂಜಕ, ಪೊಟ್ಯಾಷ್, ಗಂಧಕ ಬಿತ್ತುವಾಗಲೇ ಹೋಗಲಿ. ಸಾರಜನಕ ಎಷ್ಟು ಎಂಬುದೇ ಪ್ರಶ್ನೆ. ಸಾವಯವ ಅಂಶ ಕಡಿಮೆ ಇರುವ, ಬಡವಾದ ಮಣ್ಣಿಗೆ 20 ಕೆಜಿವರೆಗೆ ಸರಿ. ಫಲವತ್ತಾದ ಮಣ್ಣಿಗೆ ಸೊನ್ನೆಯೂ ಸರಿಯೇ. ಮಣ್ಣಿನಲ್ಲಿ ನೈಟ್ರೇಟ್ ಜಾಸ್ತಿ ಇದ್ದರೆ ಗಿಡ ಬ್ಯಾಕ್ಟೀರಿಯಾ ಜೊತೆ ಸಂಬಂಧ ಬೆಳೆಸುವ ಗೋಜಿಗೇ ಹೋಗುವುದಿಲ್ಲ, ಗಂಟು ಕಟ್ಟುವುದು ತಡವಾಗುತ್ತದೆ. ಅಂದರೆ ಮೊದಲ ತಿಂಗಳ ಯೂರಿಯಾ ಎರಡು ಕಡೆ ಹೊಡೆತ ಕೊಡುತ್ತದೆ. ಸೋರಿ ಹೋಗುವ ಅಪಾಯ ಒಂದು, ಪುಕ್ಕಟೆ ಬರಬೇಕಿದ್ದ ಸಾರಜನಕಕ್ಕೆ ಅಡ್ಡಿ ಇನ್ನೊಂದು.

100 ಕೆಜಿ ಡಿಎಪಿಯಲ್ಲಿ 18 ಕೆಜಿ ಸಾರಜನಕ, 46 ಕೆಜಿ ರಂಜಕ ಇದೆ. ಡಿಎಪಿ ಕೊಟ್ಟವರು ಅದರ ಜೊತೆ ಯೂರಿಯಾ ಸೇರಿಸುವ ಅಗತ್ಯವಿಲ್ಲ. ನನ್ನನ್ನು ಕೇಳಿದರೆ ಸೋಯಾಬೀನ್‌ಗೆ ಸಿಂಗಲ್ ಸೂಪರ್ ಫಾಸ್ಫೇಟ್ ವಾಸಿ. ಅದರಲ್ಲಿ ರಂಜಕ ಶೇ. 16 ಮಾತ್ರ, ಚೀಲ ಹೊರುವುದು ಜಾಸ್ತಿ ನಿಜ. ಆದರೆ ಶೇ. 11ರಷ್ಟು ಗಂಧಕ, ಜೊತೆಗೆ ಸುಣ್ಣದ ಅಂಶ ಕೂಡ ಬರುತ್ತದೆ. ಎಣ್ಣೆ, ಪ್ರೋಟೀನ್ ಎರಡೂ ತುಂಬಬೇಕಾದ ಕಾಳಿಗೆ ಗಂಧಕ ಬೇಕೇ ಬೇಕು.

ಗೊಬ್ಬರ ಬೀಜಕ್ಕೆ ತಾಗಬಾರದು. ಬೀಜದಿಂದ 5 ಸೆಂಟಿಮೀಟರ್ ಪಕ್ಕಕ್ಕೆ, 5 ಸೆಂಟಿಮೀಟರ್ ಕೆಳಕ್ಕೆ ಬೀಳಲಿ. ಸೋಯಾಬೀನ್ ಮೊಳಕೆ ಗೊಬ್ಬರದ ಉಪ್ಪಿಗೆ ಬೇಗ ಸುಡುತ್ತದೆ. ಸಾಲು ಸಾಲಾಗಿ ಮೊಳಕೆ ತಪ್ಪಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 5 ಟನ್ ಹಾಕಿದರೆ ಮಣ್ಣಿಗೆ ಒಳ್ಳೆಯದು. ಕೋಳಿ ಗೊಬ್ಬರ ಮಾತ್ರ ಸೋಯಾಬೀನ್‌ಗೆ ವ್ಯರ್ಥ. ಅದರ ಸಾರಜನಕ ಬೇಗ ಕರಗಿ ನೈಟ್ರೇಟ್ ಆಗುತ್ತದೆ. ಮೆಕ್ಕೆಜೋಳದಂಥ ಹಸಿದ ಬೆಳೆಗೆ ಅದನ್ನು ಎತ್ತಿಡಿ.

## ಹಂತ 6: ಮೊದಲ 30 ದಿನ, ನೀರಿನ ದಾರಿ

ಈ ಹಂತದಲ್ಲಿ ಗೊಬ್ಬರದ ಕೆಲಸ ಇಲ್ಲ, ನೀರಿನದ್ದೇ ಕೆಲಸ. ಬಿತ್ತನೆಗೆ ಮೊದಲೇ ಹೊಲದ ತಗ್ಗು ಜಾಗಗಳಿಗೆ ಬಸಿಗಾಲುವೆ ತೆಗೆಯಿರಿ. ಕಪ್ಪು ಮಣ್ಣಿನಲ್ಲಿ ಅಗಲ ಏರುಮಡಿ ಮಾಡಿ, ಮಡಿಗಳ ನಡುವೆ ಸಾಲು ಬಿಟ್ಟರೆ ಜೋರು ಮಳೆಯ ನೀರು ಹೊರಗೆ ಹರಿಯುತ್ತದೆ, ಕಡಿಮೆ ಮಳೆಯಲ್ಲಿ ತೇವವೂ ಉಳಿಯುತ್ತದೆ.

ನೀರು ನಿಂತರೆ ಎರಡು ನಷ್ಟ. ಬೇರುಗಂಟಿಗೆ ಉಸಿರು ಸಿಗದೆ ಅದು ಕೆಲಸ ನಿಲ್ಲಿಸುತ್ತದೆ. ಗಾಳಿ ಇಲ್ಲದ ಮಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಅನಿಲ ಮಾಡಿ ಮೇಲಕ್ಕೆ ಬಿಡುತ್ತವೆ. ಅದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್. ವಾತಾವರಣ ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು.

ಮರಳು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಆದರೆ ಸೋಸಿ ಇಳಿಯುತ್ತದೆ. ಅಲ್ಲಿ ನೀರಾವರಿ ಇದ್ದರೆ ಒಮ್ಮೆಗೆ ಜಾಸ್ತಿ ಕೊಡುವ ಬದಲು ಕಡಿಮೆ ನೀರನ್ನು ಹಲವು ಸಲ ಕೊಡಿ. ಜೋರು ಮಳೆಯ ಮುನ್ಸೂಚನೆ ಇರುವಾಗ ಯಾವ ಸಾರಜನಕವನ್ನೂ ಹಾಕಬೇಡಿ.

## ಹಂತ 7: ಗಂಟು ನೋಡಿ, ಆಮೇಲೆ ಗೊಬ್ಬರದ ಮಾತು

ಬಿತ್ತಿ 25ರಿಂದ 30 ದಿನಕ್ಕೆ ಹೊಲದ ಬೇರೆ ಬೇರೆ ಕಡೆ ಹತ್ತು ಗಿಡ ಅಗೆದು ತೆಗೆಯಿರಿ. ಕೈಯಿಂದ ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉದುರುತ್ತವೆ, ನೀವು ಗಂಟೇ ಇಲ್ಲ ಅಂದುಕೊಳ್ಳುತ್ತೀರಿ. ಸನಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಸಿ, ನಿಧಾನಕ್ಕೆ ಮಣ್ಣು ಬಿಡಿಸಿ.

ಗಂಟನ್ನು ಚಾಕುವಿನಿಂದ ಸೀಳಿ ಒಳಗಿನ ಬಣ್ಣ ನೋಡಿ. ಗುಲಾಬಿ ಅಥವಾ ಕೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ, ಒಂದು ವಾರ ಬಿಟ್ಟು ಮತ್ತೆ ನೋಡಿ. ಹಸಿರು, ಕಂದು ಅಥವಾ ಮೆತ್ತಗೆ ಇದ್ದರೆ ಅದು ಮುಗಿದ ಗಂಟು. ತಾಯಿಬೇರಿನ ಮೇಲ್ಭಾಗದಲ್ಲಿ ಗಂಟು ಗುಂಪಾಗಿದ್ದರೆ ನೀವು ಹಚ್ಚಿದ ರೈಜೋಬಿಯಂ ಹಿಡಿದಿದೆ. ಪಕ್ಕದ ಬೇರುಗಳಲ್ಲಿ ಮಾತ್ರ ಚದುರಿದ್ದರೆ ಅವು ಬಹುಶಃ ಮಣ್ಣಿನಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾದವು. ಹೂ ಬಿಡುವ ಹೊತ್ತಿಗೆ ಗಿಡಕ್ಕೆ ಎಂಟು ಹತ್ತಾದರೂ ದಪ್ಪ, ಕೆಂಪು ಒಳಭಾಗದ ಗಂಟು ಇರಬೇಕು.

ಈಗ ಹಳದಿ ಬಣ್ಣದ ವಿಷಯ. ಹಳದಿ ಎಂದರೆ ಸಾರಜನಕದ ಕೊರತೆ ಅಂತಲೇ ಅಲ್ಲ. ಯಾವ ಎಲೆ ಹಳದಿ ಆಗಿದೆ ಎಂದು ಮೊದಲು ನೋಡಿ.

ಕೆಳಗಿನ ಹಳೆ ಎಲೆ, ಪೂರ್ತಿ ಒಂದೇ ಸಮ ಹಳದಿ. ಸಾರಜನಕದ ಕೊರತೆ ಇರಬಹುದು. ಗಿಡಕ್ಕೆ ಮೂರು ನಾಲ್ಕು ಎಲೆ ಇರುವಾಗ ಬೀಜದ ಸಂಗ್ರಹ ಮುಗಿದು, ಗಂಟು ಇನ್ನೂ ಕೆಲಸ ಶುರು ಮಾಡದ ಒಂದು ಹಸಿವಿನ ಸಮಯ ಬರುತ್ತದೆ. ಅದು ತಾನಾಗೇ ಸರಿಹೋಗುತ್ತದೆ. ಸುಮ್ನೆ ಕಾಯಿರಿ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆ. ಸುಣ್ಣದಂಶ ಜಾಸ್ತಿ ಇರುವ, ರಸಸಾರ 7.5 ದಾಟಿದ ಮಣ್ಣಿನಲ್ಲಿ ಸಾಮಾನ್ಯ. ಮಣ್ಣಿನಲ್ಲಿ ನೈಟ್ರೇಟ್ ಏರಿದರೆ ಈ ತೊಂದರೆ ಇನ್ನೂ ಹೆಚ್ಚುತ್ತದೆ. ಇಲ್ಲಿ ಯೂರಿಯಾ ಹಾಕುವವರು ರೋಗಕ್ಕೇ ಗೊಬ್ಬರ ಕೊಡುತ್ತಿದ್ದಾರೆ. ಶೇ. 0.5ರ ಫೆರಸ್ ಸಲ್ಫೇಟ್ ದ್ರಾವಣಕ್ಕೆ ಶೇ. 0.1 ಸಿಟ್ರಿಕ್ ಆಮ್ಲ ಸೇರಿಸಿ, ಸಂಜೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ.

ಹೊಸ ಎಲೆ ಪೂರ್ತಿ ತಿಳಿ ಹಳದಿ, ನರವೂ ಸೇರಿ. ಗಂಧಕ.

ಹಳೆ ಎಲೆಯ ಅಂಚು ಮಾತ್ರ ಹಳದಿ, ಆಮೇಲೆ ಸುಟ್ಟಂತೆ ಕಂದು. ಪೊಟ್ಯಾಷ್.

ಹಸಿರು ಹಳದಿ ಮಚ್ಚೆ ಮಚ್ಚೆಯಾಗಿ, ಅಲ್ಲಲ್ಲಿ ಕೆಲವು ಗಿಡ ಮಾತ್ರ. ಹಳದಿ ನಂಜುರೋಗ ಇರಬಹುದು. ಅದನ್ನು ಹರಡುವ ಬಿಳಿನೊಣ ಹುಡುಕಿ, ಗೊಬ್ಬರದ ಚೀಲ ಮುಟ್ಟಬೇಡಿ.

ತಗ್ಗಿನಲ್ಲಿ ಮಾತ್ರ ಹಳದಿ. ನೀರು ನಿಂತಿದೆ. ಬಸಿಯಿರಿ, ಅಷ್ಟೇ.

ಹೂ ಬಿಡುವ ಹೊತ್ತಿಗೂ ಗಂಟು ಐದಕ್ಕಿಂತ ಕಡಿಮೆ, ಗಿಡವೂ ಬಿಳಚಿಕೊಂಡಿದೆ ಅಂದರೆ ಗಂಟಿನ ಕಥೆ ಆ ವರ್ಷಕ್ಕೆ ಮುಗಿಯಿತು. ಆಗ ಸಾರಜನಕ ಕೊಡುವುದು ನ್ಯಾಯವೇ. ಮೊದಲು ನಾಲ್ಕು ಸಾಲಿಗೆ ಮಾತ್ರ ಸ್ವಲ್ಪ ಯೂರಿಯಾ ಹಾಕಿ, ಗುರುತಿಗೆ ಗೂಟ ನೆಡಿ. ವಾರ ಹತ್ತು ದಿನದಲ್ಲಿ ಅಲ್ಲಿ ಹಸಿರು ಎದ್ದು ಕಂಡರೆ ಉಳಿದ ಹೊಲಕ್ಕೆ 50 ಕೆಜಿ ಸಾರಜನಕ ಕೊಡಬಹುದು. ಹೂವಿನಿಂದ ಕಾಯಿ ಕಟ್ಟುವವರೆಗೆ ಎರಡು ಕಂತು ಮಾಡಿ, ಮಣ್ಣಿನಲ್ಲಿ ತೇವ ಇರುವಾಗ ಹಾಕಿ ಮಣ್ಣು ಮುಚ್ಚಿ. ಫರಕು ಕಾಣದಿದ್ದರೆ ತೊಂದರೆ ಬೇರೆಲ್ಲೋ ಇದೆ.

## ಹಂತ 8: ಹೂವಿನಿಂದ ಕಾಳು ತುಂಬುವವರೆಗೆ

ಗಂಟುಗಳು ಜೋರಾಗಿ ಕೆಲಸ ಮಾಡುವ ಕಾಲ ಇದು. ಬರ ತಟ್ಟಿದರೆ ಗಿಡ ಬಾಡುವುದಕ್ಕೆ ಮೊದಲೇ ಗಂಟು ಕೆಲಸ ನಿಧಾನ ಮಾಡುತ್ತದೆ. ನೀರು ಸ್ವಲ್ಪವೇ ಇದ್ದರೆ ಅದನ್ನು ಈ ಹಂತಕ್ಕೆ ಉಳಿಸಿಕೊಳ್ಳಿ.

ಬಾವಿ ನೀರಿನಲ್ಲಿರುವ ನೈಟ್ರೇಟ್ ಕೂಡ ಗೊಬ್ಬರವೇ ಅಲ್ವಾ? ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಇರುವ ನೀರನ್ನು 100 ಮಿಲಿಮೀಟರ್ ಕೊಟ್ಟರೆ ಹೆಕ್ಟೇರಿಗೆ 11 ಕೆಜಿ ಸಾರಜನಕ ಕೊಟ್ಟಂತೆ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾಳು ತುಂಬುವಾಗ ಎಲೆಗೆ ಶೇ. 2ರ ಯೂರಿಯಾ ಸಿಂಪಡಿಸುವ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಗಂಟು ಕೆಂಪಗಿರುವ ಹೊಲಕ್ಕೆ ಅದರಿಂದ ಲಾಭ ಬರುವುದು ಖಾತ್ರಿ ಇಲ್ಲ. ನಾನಂತೂ ಮಾಡಿ ಎನ್ನುವುದಿಲ್ಲ.

## ಹಂತ 9: ಎಲೆ ಉದುರುವ ಮೊದಲೇ ಮುಂದಿನ ಬೇರಿಗೆ ತಯಾರಿ

ಇಲ್ಲಿವರೆಗೆ ಎಲ್ಲ ಸರಿ ಮಾಡಿದವರೂ ಈ ಹಂತವನ್ನು ಮರೆಯುತ್ತಾರೆ. ಕೊಯ್ಲು ಆಯಿತು, ದುಡ್ಡು ಬಂತು, ಹೊಲ ಬೋಳು ಬಿಟ್ಟರು.

ಮೆಕ್ಕೆಜೋಳ, ಗೋಧಿಯ ಕೂಳೆಯಲ್ಲಿ ಇಂಗಾಲ ಜಾಸ್ತಿ. ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ನೈಟ್ರೇಟನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ. ಸೋಯಾಬೀನ್ ಎಲೆ, ಬೇರು, ಗಂಟು ಬೇಗ ಕೊಳೆತು ಸಾರಜನಕ ಬಿಟ್ಟುಕೊಡುತ್ತವೆ. ಹೀರಲು ಬೇರಿಲ್ಲದಿದ್ದರೆ ಮುಂದಿನ ಮಳೆಗೆ ಅದು ಕೆಳಗೆ.

1. ಎಲೆ ಹಳದಿ ತಿರುಗಿ ಉದುರುವ ಮುಂಚೆ, ನಿಂತ ಬೆಳೆಯಲ್ಲೇ ಹೊದಿಕೆ ಬೆಳೆಯ (ಹೊಲ ಬೋಳಾಗದಂತೆ, ನೈಟ್ರೇಟ್ ಹೀರಲೆಂದು ಬೆಳೆಸುವ ಬೆಳೆ) ಬೀಜ ಚೆಲ್ಲಿ. ಉದುರಿದ ಎಲೆಯೇ ಅದಕ್ಕೆ ಮುಚ್ಚಿಗೆ. ಇಲ್ಲವೇ ಕೊಯ್ಲಾದ ಕೂಡಲೇ ಬಿತ್ತಿ.
2. ಹುಲ್ಲು ಜಾತಿ ಆರಿಸಿ. ರೈ (ಗೋಧಿಯಂಥ ಒಂದು ಧಾನ್ಯ), ಓಟ್ಸ್, ಬಾರ್ಲಿ, ಮೇವಿನ ಜೋಳ ಆಗಬಹುದು. ಸಾಸಿವೆಯೂ ಚೆನ್ನಾಗಿ ಹೀರುತ್ತದೆ. ದ್ವಿದಳ ಜಾತಿ ಈ ಕೆಲಸಕ್ಕೆ ಅಷ್ಟು ಸಾಲದು. ಅಮೆರಿಕದ ಅಯೋವಾ ರಾಜ್ಯ 2013ರಲ್ಲಿ ರೂಪಿಸಿದ ಪೋಷಕಾಂಶ ಯೋಜನೆಯಲ್ಲಿ ರೈ ಹೊದಿಕೆ ಬೆಳೆಯಿಂದ ನೈಟ್ರೇಟ್ ನಷ್ಟ ಸರಾಸರಿ ಶೇ. 31 ತಗ್ಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ.
3. ಎರಡನೇ ಬೆಳೆ ಹಾಕುವವರಾದರೆ ಅದನ್ನೇ ಬೇಗ ಬಿತ್ತಿ. ಅದೇ ಹೊದಿಕೆ.
4. ಕೊಯ್ಲಾದ ತಕ್ಷಣ ಆಳ ಉಳುಮೆ ಬೇಡ. ಮಣ್ಣಿಗೆ ಗಾಳಿ ನುಗ್ಗಿದಷ್ಟೂ ಸಾವಯವ ಪದಾರ್ಥ ಬೇಗ ಕರಗುತ್ತದೆ. ಬೋಳು ಹೊಲಕ್ಕೆ ಗೊಬ್ಬರ ಹೇರುವುದೂ ಬೇಡ.
5. ಹೊಟ್ಟು, ಕಡ್ಡಿ ಸುಡಬೇಡಿ. ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ.

ಹೊದಿಕೆ ಬೆಳೆಯನ್ನು ಯಾವಾಗ ಕೊಲ್ಲಬೇಕು ಎಂಬುದೂ ಮುಖ್ಯ. ಮುಂದೆ ಮೆಕ್ಕೆಜೋಳ ಬರುವುದಾದರೆ ಬಿತ್ತನೆಗೆ ಎರಡು ವಾರ ಮೊದಲು, ಎಳೆಯದಿರುವಾಗಲೇ. ಬಲಿತ ಮೇಲೆ ಮಣ್ಣಿಗೆ ಮಗುಚಿದರೆ ಮೆಕ್ಕೆಜೋಳ ಶುರುವಿನಲ್ಲೇ ಸಾರಜನಕವಿಲ್ಲದೆ ಒದ್ದಾಡುತ್ತದೆ. ಮುಂದೆ ಸೋಯಾಬೀನ್ ಬಂದರೆ ಅಷ್ಟು ಅವಸರವಿಲ್ಲ.

ಹೊಲದ ಅಂಚಿನ ಹುಲ್ಲುಪಟ್ಟಿ ಮಣ್ಣು, ರಂಜಕ ಕೊಚ್ಚಿ ಹೋಗುವುದನ್ನು ತಡೆಯುತ್ತದೆ. ಆದರೆ ನೆಲದಡಿಯ ಕೊಳವೆಯಿಂದ ನೀರು ಬಸಿಯುವ ಹೊಲದಲ್ಲಿ ನೈಟ್ರೇಟ್ ಆ ಪಟ್ಟಿಯ ಕೆಳಗಿನಿಂದಲೇ ದಾಟಿಬಿಡುತ್ತದೆ. ಅಲ್ಲಿ ಕೊಳವೆಯ ಬಾಯಿಗೆ ನೀರಿನ ಮಟ್ಟ ನಿಯಂತ್ರಿಸುವ ಬಾಗಿಲು, ಇಲ್ಲವೇ ಮರದ ಚಕ್ಕೆ ತುಂಬಿದ ಗುಂಡಿ ಬೇಕಾಗುತ್ತದೆ.

## ಹಂತ 10: ಮುಂದಿನ ಬೆಳೆಯ ಗೊಬ್ಬರ, ಬಾವಿಯ ನೀರು

ಸೋಯಾಬೀನ್ ಎಲೆ, ಬೇರು ಬೇಗ ಕೊಳೆತು ಸಾರಜನಕ ಬಿಡುವುದರಿಂದ, ಅದರ ನಂತರ ಬರುವ ಧಾನ್ಯದ ಬೆಳೆಗೆ ಸಾರಜನಕವನ್ನು ಸಾಮಾನ್ಯವಾಗಿ 20ರಿಂದ 40 ಕೆಜಿ ಕಡಿಮೆ ಮಾಡಬಹುದು. ಬಿತ್ತುವ ಮೊದಲು ಮತ್ತೊಮ್ಮೆ 30 ಸೆಂಟಿಮೀಟರ್ ಆಳದ ನೈಟ್ರೇಟ್ ನೋಡಿ ಪ್ರಮಾಣ ನಿರ್ಧರಿಸಿ. ಉಳಿದದ್ದನ್ನು ಒಂದೇ ಸಲ ಸುರಿಯದೆ, ಬೇರು ಹರಡಿದ ಮೇಲೆ ಕಂತಿನಲ್ಲಿ ಕೊಡಿ.

ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ಮುಗಿದ ಮೇಲೆ, ಬಾವಿ ಅಥವಾ ಬೋರ್‌ವೆಲ್ ನೀರನ್ನು ಪಟ್ಟಿಯಿಂದ ಪರೀಕ್ಷಿಸಿ ಬರೆದಿಡಿ. ಪಟ್ಟಿಯ ಡಬ್ಬಿ ಮೇಲೆ ನೈಟ್ರೇಟ್ ಎಂದಿದೆಯೋ, ನೈಟ್ರೇಟ್ ಸಾರಜನಕ ಎಂದಿದೆಯೋ ಗಮನಿಸಿ. ಎರಡರ ಸಂಖ್ಯೆ 4.4 ಪಟ್ಟು ಬೇರೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್. ಪಟ್ಟಿ ಅದರ ಹತ್ತಿರ ತೋರಿಸಿದರೆ ಪ್ರಯೋಗಾಲಯದಲ್ಲಿ ಖಚಿತ ಮಾಡಿಸಿ. ಮಿತಿ ದಾಟಿದ ನೀರಿನಲ್ಲಿ ಎಳೆ ಮಕ್ಕಳಿಗೆ ಹಾಲಿನ ಪುಡಿ ಕಲಸಬೇಡಿ, ಮಗುವಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಏರುತ್ತದೆ.